ಮೊದಲ ಏಟು

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ

ಮತ್ತೆ ಹೊಡೆದಳು. ತಿಂಡಿಯ ಹೊತ್ತಿಗೆ. ಚಿಕ್ಕವನು ಹಾಲಿನ ಲೋಟ ಖಾಲಿ ಮಾಡಿದ, ನಾನು ಶಭಾಷ್ ಎಂದೆ, ಅಷ್ಟೇ. ದೊಡ್ಡವಳು ಕುರ್ಚಿಯಿಂದ ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದಳು. ಒಂದಲ್ಲ, ಮೂರು. ಅವನು ಅಳಲಿಲ್ಲ. ಕ್ಷೌರಕ್ಕೆ ಕೂತವರ ಹಾಗೆ ಮುಖ ಕೊಟ್ಟು ಕೂತಿದ್ದ.

ಇವರು ಬಂದು ಇಪ್ಪತ್ತಾರು ದಿನ. ಅವಳಿಗೆ ಹನ್ನೆರಡು, ತಮ್ಮನಿಗೆ ಏಳು. ವಿಮಾನ ಇಳಿದು ಬಂದಾಗ ಇಬ್ಬರೂ ಒಂದೇ ಕೋಟಿನೊಳಗೆ ಕೈ ತೂರಿಸಿಕೊಂಡು ನಿಂತಿದ್ದರು. ನಾಲ್ಕು ವರ್ಷ ಕಾದದ್ದು, ಎರಡು ದೇಶದ ಫಾರಂ ತುಂಬಿ ತುಂಬಿ ಬೆರಳು ಸವೆದದ್ದು, ಎಲ್ಲ ಆ ಕ್ಷಣ ಮರೆತೇ ಹೋಗಿತ್ತು. ಇನ್ನು ಆರು ತಿಂಗಳು ನಮ್ಮ ಜೊತೆ ಇರಬೇಕು, ತಿಂಗಳಿಗೊಂದು ವರದಿ, ಆಮೇಲೆ ಕೋರ್ಟಿನ ಕಾಯಂ ದತ್ತು ಆದೇಶ. ಅಲ್ಲಿಯವರೆಗೆ ನಾವು ಅಪ್ಪ ಅಮ್ಮ ಅಲ್ಲ. ಕಾಗದದಲ್ಲಿ ‘ಪೋಷಕ ಕುಟುಂಬ’.

ಹೊಟ್ಟೆಕಿಚ್ಚು ಇರಬೇಕು, ಸರಿಹೋಗುತ್ತದೆ ಎಂದಳು ಇವಳು. ನನ್ನ ಹೆಂಡತಿ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ, ಬೊಬ್ಬೆ ಹಾಕುವ ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸುವುದೇ ಕೆಲಸ. ಇವಳಿಗೆ ಯಾವ ಮಗುವೂ ಕೆಟ್ಟದ್ದಲ್ಲ.

ಫೆಬ್ರವರಿ 12, ಊಟದ ಬಿಡುವು

ಮಷೀನು ನಿಂತಿದೆ. ಹತ್ತು ನಿಮಿಷ ನನ್ನದು.

ತಗಡಿನ ಡಬ್ಬಿಗೆ ಮುಚ್ಚಳ ಒತ್ತುವ ಪ್ರೆಸ್ಸು. ನಿಮಿಷಕ್ಕೆ ನಲವತ್ತು ಏಟು. ಇದರ ಮುಂದೆ ಇಪ್ಪತ್ತೆರಡು ವರ್ಷ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಮನಸ್ಸು ಬಂದಾಗ ಕೆಲಸಕ್ಕೆ ಬರುತ್ತದೆ. ಇಲ್ಲಿ ಮಾತಾಡಬೇಕೆಂದರೆ ಕಿರುಚಬೇಕು, ಇಲ್ಲವೇ ಕೈಸನ್ನೆ. ಮನೆಗೆ ಹೋದರೂ ಗಂಟಲು ಕಾರ್ಖಾನೆಯಲ್ಲೇ ಇರುತ್ತದೆ. ನಾನು ಉಪ್ಪು ಕೇಳಿದರೆ ಮೂರನೇ ಮನೆಯವರು ತಂದುಕೊಡುತ್ತಾರೆ ಎಂದು ಇವಳ ತಮಾಷೆ. ಬರೆಯುವಾಗ ಮಾತ್ರ ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ... ಅದಕ್ಕೇ ಈ ಡೈರಿ.

ನಿನ್ನೆ ಎರಡು ಸಲ ಹೊಡೆದಿದ್ದಾಳೆ. ಎರಡೂ ಸಲ ನಾನು ಮನೆಗೆ ಬಂದ ಮೇಲೆ. ನಾನಿಲ್ಲದಾಗ ಬೆಕ್ಕಿನ ಮರಿಗಳ ಹಾಗೆ ಒತ್ತಿಕೊಂಡು ಕೂತಿರುತ್ತಾರಂತೆ. ಅಂದರೆ ನನಗೆ ತೋರಿಸಲೆಂದೇ ಹೊಡೆಯುವುದು.

ಫೆಬ್ರವರಿ 16, ಭಾನುವಾರ

ಅವಳಿಗೂ ಪ್ರೀತಿ ಸಿಗಲಿ ಎಂದು ಹೊಸ ಉಪಾಯ. ಬೆಳಿಗ್ಗೆಯೇ ಅವಳ ಬಳಿ ಹೋಗಿ, ಎಷ್ಟು ಚೆನ್ನಾಗಿ ಜಡೆ ಹಾಕಿಕೊಂಡಿದ್ದೀಯಮ್ಮ ಎಂದೆ. ಭಾಷೆ ಬರದಿದ್ದರೇನು, ಮುಖ ನೋಡಿದರೆ ತಿಳಿಯದೇ? ಅವಳು ನನ್ನನ್ನೇ ದಿಟ್ಟಿಸಿದಳು. ಬಗ್ಗಿ ಶೂ ತೆಗೆದಳು. ಅದರ ಹಿಮ್ಮಡಿಯಿಂದ ತಮ್ಮನ ಬಾಯಿಗೆ.

ತುಟಿ ಸೀಳಿತು. ಗೋಡೆಗೆ ರಕ್ತ ಚಿಮ್ಮಿತು. ಇವಳು ಒರೆಸಿದಳು, ಪೇಂಟು ಹೋಯಿತು, ಕಲೆ ಹೋಗಲಿಲ್ಲ.

ಹಾವಿಗೆ ಹಾಲೆರೆದ ಹಾಗಾಯಿತು ಎಂದು ನನ್ನ ಬಾಯಿಂದ ಬಂತು. ಮಗುವನ್ನು ಹಾಗನ್ನಬೇಡಿ ಎಂದಳು ಇವಳು. ಆ ಶೂ ಕೊಡಿಸಿದವನೂ ನಾನೇ.

ಫೆಬ್ರವರಿ 23, ಭಾನುವಾರ, ಸಂಜೆ 5

ಇದನ್ನು ಬರೆಯಬೇಕು.

ಮಧ್ಯಾಹ್ನ ಚಿಕ್ಕವನು ಸೂಪಿನ ಬಟ್ಟಲು ಬೀಳಿಸಿದ. ಬಿಸಿ ಸೂಪು ಅವನ ಕಾಲ ಮೇಲೆ ಬಿತ್ತೇನೋ ಎಂದು ಗಾಬರಿಯಿಂದ ಕೂಗಿದೆ. ಅವಳು ಅವನ ಕೂದಲು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಬಡಿದಳು. ಒಂದು ಸಲ. ಮುಂದಿನ ಹಲ್ಲು ಮುರಿದು ಸೂಪಿನೊಳಗೆ ಬಿತ್ತು. ಎರಡನೇ ಸಲ ಬಡಿಯುವಷ್ಟರಲ್ಲಿ ಅವಳ ತೋಳು ಹಿಡಿದೆ. ಕಚ್ಚಿದಳು—ಮಣಿಕಟ್ಟಿಗೆ, ಮೂಳೆ ಸಿಗುವ ತನಕ. ಬಿಡಲೇ ಇಲ್ಲ. ಇನ್ನೊಂದು ಕೈ ನನ್ನನ್ನು ಕೇಳದೆ ಎದ್ದಿತು.

ಹೊಡೆದೆ. ಪ್ರೆಸ್ಸಿನ ಲಿವರ್ ಎಳೆಯುವ ಕೈ. ಅವಳು ಗೋಡೆಗೆ ತಾಗಿ ನೆಲಕ್ಕೆ ಬಿದ್ದಳು. ಮೂಗಿನಿಂದ ರಕ್ತ.

ಆಮೇಲೆ ಆದದ್ದು ನನ್ನ ತಲೆಗೆ ಹೋಗುತ್ತಿಲ್ಲ. ಎದ್ದಳು. ಮೂಗು ತೋಳಿಗೆ ಒರೆಸಿದಳು. ನನ್ನ ಕೈಯನ್ನು ನೋಡಿದಳು, ಮುಖವನ್ನಲ್ಲ. ಕುರ್ಚಿ ಸರಿಮಾಡಿ ಕೂತು, ತನ್ನ ಬಟ್ಟಲಿನ ಸೂಪನ್ನೆಲ್ಲ ಕುಡಿದು, ಬ್ರೆಡ್ಡು ಕೇಳಿ ಹಾಕಿಸಿಕೊಂಡು ತಿಂದಳು. ಬಂದ ದಿನದಿಂದ ಹೀಗೆ ಹೊಟ್ಟೆ ತುಂಬ ತಿಂದದ್ದು ಇದೇ ಮೊದಲು. ಈಗ ಸೋಫಾದಲ್ಲಿ ಬಾಯಿ ಬಿಟ್ಟುಕೊಂಡು ಗಾಢ ನಿದ್ದೆ.

ಇವಳು ಚಿಕ್ಕವನನ್ನು ತನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾಳೆ.

ನಾನು ಮಕ್ಕಳ ಮೇಲೆ ಕೈ ಮಾಡುವವನಲ್ಲ. ಅಲ್ಲ ಎಂದುಕೊಂಡಿದ್ದೆ.

ಫೆಬ್ರವರಿ 24, ಊಟದ ಬಿಡುವು

ದತ್ತು ಏಜೆನ್ಸಿಗೆ ಪತ್ರ ಬರೆದು ಹಾಕಿದೆ. ಇವಳಿಗೆ ಹೇಳಿಲ್ಲ. ಎರಡೇ ಸಾಲು. ಹುಡುಗಿಯಿಂದ ತಮ್ಮನ ಜೀವಕ್ಕೆ ಅಪಾಯವಿದೆ. ಹುಡುಗ ನಮ್ಮಲ್ಲೇ ಇರಲಿ, ಹುಡುಗಿಗೆ ಬೇರೆ ವ್ಯವಸ್ಥೆ ಮಾಡಿ.

ಸಹಿ ಹಾಕುವಾಗ ಮಣಿಕಟ್ಟು ಉರಿಯಿತು. ಸರಿಯಾಗಿಯೇ ಮಾಡಿದ್ದೇನೆ. ಒಂದನ್ನಾದರೂ ಉಳಿಸಬೇಕಲ್ಲ.

ಮಾರ್ಚ್ 15, ಶನಿವಾರ

ಮೂರು ವಾರ ಈ ಪುಸ್ತಕ ಮುಟ್ಟಿರಲಿಲ್ಲ.

ಪತ್ರದ ವಿಷಯ ಇವಳಿಗೆ ಗೊತ್ತಾಯಿತು. ಏಜೆನ್ಸಿಯ ಹೆಂಗಸು ಮನೆಗೇ ಬಂದಿದ್ದರು. ಅವರನ್ನು ನಾನು ಫೈಲಮ್ಮ ಎನ್ನುತ್ತೇನೆ, ಬಗಲಲ್ಲಿ ಫೈಲಿಲ್ಲದೆ ಅವರನ್ನು ಯಾರೂ ನೋಡಿಲ್ಲ. ಹುಡುಗಿಯನ್ನು ಅವಳ ದೇಶಕ್ಕೆ ವಾಪಸ್ ಕಳಿಸಬಹುದು, ಹುಡುಗನ ಕೇಸು ಮುಂದುವರಿಸಬಹುದು ಎಂದರು. ಸಾಮಾನು ವಾಪಸ್ ತೆಗೆದುಕೊಳ್ಳುವವರ ದನಿಯೇನಲ್ಲ, ಪಾಪ. ಅದಕ್ಕೆ ಮುಂಚೆ ದುಭಾಷಿಯನ್ನು ಕೂರಿಸಿ ಒಂದು ಸಲ ಹುಡುಗಿಯನ್ನೇ ಕೇಳಿ ಎಂದು ಇವಳು ಹಟ ಹಿಡಿದಳು. ನನ್ನ ಹತ್ತಿರ ಆ ಮೂರು ವಾರ ಮಾತೇ ಇಲ್ಲ. ಊಟದ ತಟ್ಟೆ ಮೇಜಿಗೆ ಬರುವ ಸದ್ದು ಮಾತ್ರ. ಅದು ನನಗೂ ಕೇಳಿಸುತ್ತಿತ್ತು.

ಇವತ್ತು ದುಭಾಷಿ ಬಂದಳು. ಕಾಲೇಜು ಹುಡುಗಿ, ಆ ದೇಶದಿಂದ ಓದಲು ಬಂದವಳು. ತಮ್ಮನಿಗೆ ಯಾಕೆ ಹೊಡೆಯುತ್ತೀ ಎಂದು ಕೇಳಿಸಿದೆವು.

ದೊಡ್ಡವಳು ಮೇಜು ನೋಡುತ್ತ, ಪಾಠ ಒಪ್ಪಿಸುವವಳ ಹಾಗೆ ಹೇಳುತ್ತ ಹೋದಳು. ದುಭಾಷಿ ನಡುವೆ ನಿಲ್ಲಿಸಿ ನೀರು ಕೇಳಿದಳು. ಕುಡಿದಳು. ಆಮೇಲೆ ನಮಗೆ ಹೇಳಿದಳು.

ಅನಾಥಾಲಯಕ್ಕೆ ಸೇರುವ ಮುಂಚೆ ಇವರು ಯಾರೋ ಸಂಬಂಧಿಯ ಮನೆಯಲ್ಲಿದ್ದರಂತೆ. ಅವನು ದನಿ ಎತ್ತಿದರೆ ಯಾರಿಗಾದರೂ ಏಟು ಬೀಳಲೇಬೇಕು. ಅವನು ಏಳುವ ಮೊದಲೇ ದೊಡ್ಡವರು ಚಿಕ್ಕವರಿಗೆ ಹೊಡೆದುಬಿಟ್ಟರೆ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಚೆನ್ನಾಗಿ ಹೊಡೆಯಬೇಕು. ರಕ್ತ ಕಂಡರೆ ಒಳ್ಳೆಯದು.

“ನಾವು ಮೂರು ಜನ ಇದ್ವಿ ಅಂತಿದಾಳೆ,” ಎಂದಳು ದುಭಾಷಿ. “ಇನ್ನೊಬ್ಬಳು ತಂಗಿ ಇದ್ಲಂತೆ, ನಾಲ್ಕು ವರ್ಷದವಳು. ಅವತ್ತು ಅವಳಿಗೆ ನಾನು ಮೆಲ್ಲಗೆ ಹೊಡೆದೆ, ಅವನಿಗೆ ಸಾಕಾಗ್ಲಿಲ್ಲ ಅಂತಿದಾಳೆ.”

ಫೈಲಮ್ಮ ಫೈಲು ತೆರೆದರು. ಹಾಳೆ ತಿರುವಿದರು, ಮತ್ತೆ ತಿರುವಿದರು. ಫೈಲಿನಲ್ಲಿ ಎರಡೇ ಮಕ್ಕಳು.

ನಾನು ಹೊಡೆದ ದಿನ ಅವಳಿಗೆ ನೆಮ್ಮದಿಯಾಯಿತಂತೆ. ನನ್ನ ಕೈಯ ತೂಕ ತಿಳಿಯಿತಂತೆ. ಈ ಏಟಿಗೆ ತಮ್ಮ ಸಾಯುವುದಿಲ್ಲ ಎಂದು ಲೆಕ್ಕ ಹಾಕಿದಳಂತೆ.

ನಾನು ಎದ್ದು ಬಚ್ಚಲಿಗೆ ಹೋದೆ. ನಲ್ಲಿ ಪೂರ್ತಿ ತಿರುಗಿಸಿಟ್ಟು ಅತ್ತೆ. ನನ್ನ ಅಳು ಎಷ್ಟು ಜೋರಿರುತ್ತದೋ ನನಗೇ ಗೊತ್ತಿಲ್ಲ. ಅದಕ್ಕೂ ಚಿಕ್ಕವನಿಗೆ ಏಟು ಬಿದ್ದರೆ?

ಶಭಾಷ್ ಎಂದದ್ದಕ್ಕೆ ಮೂರು ಏಟು. ಜಡೆ ಹೊಗಳಿದ್ದಕ್ಕೆ ತುಟಿ. ಗಾಬರಿಗೆ ಹಲ್ಲು. ಅಷ್ಟೂ ನಾನು ಹೊಡೆದದ್ದೇ.

ಮಾರ್ಚ್ 17

ಪತ್ರ ವಾಪಸ್ ಕೇಳಲು ಹೋಗಿದ್ದೆ. ಅದು ಆಗಲೇ ಕೋರ್ಟಿನ ಕಡತ ಸೇರಿದೆ. ಇನ್ನು ಅದನ್ನು ತಳ್ಳಿಹಾಕಬೇಕಾದವರು ನ್ಯಾಯಾಧೀಶರೇ ಎಂದರು ಫೈಲಮ್ಮ. ಹುಡುಗಿಯನ್ನು ಈಗಲೇ ಕಳಿಸುವುದಿಲ್ಲ, ಜುಲೈ ವಿಚಾರಣೆಯಲ್ಲಿ ಎಲ್ಲ ತೀರ್ಮಾನ. ಅಷ್ಟರೊಳಗೆ ಅವಳು ಹೊಡೆಯುವುದು ನಿಲ್ಲಬೇಕು.

ಅಂದರೆ ನಾನು ಕೂಗುವುದು ನಿಲ್ಲಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನೋಡೋಣ, ಇದು ಹುಟ್ಟಿದ್ದಲ್ಲ, ಪ್ರೆಸ್ಸು ಕೊಟ್ಟದ್ದು.

ಮಾರ್ಚ್ 30

ಇವಳು ಮಾತಾಡುತ್ತಿದ್ದಾಳೆ! ಮೇಷ್ಟ್ರು ಬೇರೆ ಆಗಿದ್ದಾಳೆ. ನನ್ನ ಎದೆಯ ಮೇಲೆ ನನ್ನದೇ ಅಂಗೈ ಇಟ್ಟುಕೊಂಡು ಮಾತಾಡಬೇಕು, ಅದುರಿದರೆ ಜೋರು, ಅದುರದಿದ್ದರೆ ಸರಿ. ಐವತ್ತನೇ ವಯಸ್ಸಿನಲ್ಲಿ ಪಿಸುಗುಟ್ಟಲು ಕಲಿಯುತ್ತಿದ್ದೇನೆ. ಮಕ್ಕಳ ಜೊತೆ ಆದಷ್ಟೂ ಕೈಸನ್ನೆ. ಕಾರ್ಖಾನೆಯವೇ. ಅಂಗೈ ತೋರಿಸಿದರೆ ಎಲ್ಲ ಸರಿ. ಎರಡು ಬೆರಳು ಎಂದರೆ ಊಟ. ನಿಲ್ಲಿಸು ಎನ್ನಲು ಮುಷ್ಟಿ ಎತ್ತುವುದಿತ್ತು, ಅದನ್ನು ಬಿಟ್ಟೆ.

ಹದಿಮೂರು ದಿನದಲ್ಲಿ ಎರಡೇ ಏಟು.

ಏಪ್ರಿಲ್ 22, ಮಂಗಳವಾರ, ಸಂಜೆ

ಪಕ್ಕದ ಪ್ರೆಸ್ಸಿನ ಮೇಸ್ತ್ರಿಯ ಎರಡು ಬೆರಳು ಹೋದವು. ತಗಡು ಸಿಕ್ಕಿಕೊಂಡಿದೆ ಎಂದು ಕೈ ಹಾಕಿದ, ಪ್ರೆಸ್ಸು ಇಳಿಯಿತು. ಬೆರಳು ಮುಚ್ಚಳದೊಳಗೆ, ಚಪ್ಪಟೆ. ಅವನ ಕೈಗೆ ನನ್ನ ಬನಿಯನ್ ಸುತ್ತಿ ಆಸ್ಪತ್ರೆಗೆ ಹೊತ್ತೆವು.

ಅದೇ ಗುಂಗಿನಲ್ಲಿ ಮನೆಗೆ ಬಂದೆ. ಶರ್ಟಿನ ತುಂಬ ರಕ್ತವಿತ್ತು, ಗಮನವೇ ಇಲ್ಲ. ಬಾಗಿಲು ತೆರೆದವಳು ದೊಡ್ಡವಳು. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ. ಓಡಿ ಹೋಗಿ ತಮ್ಮನನ್ನು ಬೀಳಿಸಿ ಎದೆಯ ಮೇಲೆ ಕೂತು ಮುಷ್ಟಿಯಿಂದ ಗುದ್ದಿದಳು, ಗುದ್ದಿದಳು. ಇವಳು ಎಳೆದರೂ ಬಿಡಲಿಲ್ಲ.

ನಾನು ಹತ್ತಿರ ಹೋಗಲಿಲ್ಲ. ಶರ್ಟು ಕಿತ್ತು ಹೊರಗೆಸೆದೆ. ಹೊಸ್ತಿಲ ಮೇಲೆ ಕೂತೆ, ಎರಡೂ ಅಂಗೈ ತೋರಿಸಿಕೊಂಡು. ಎಲ್ಲ ಸರಿ. ಎಷ್ಟು ಹೊತ್ತೋ. ತೋಳು ಬಿದ್ದುಹೋಗುವ ಹಾಗಾಯಿತು. ಕಡೆಗೆ ಅವಳ ಮುಷ್ಟಿ ನಿಂತಿತು. ತಮ್ಮನ ಊದಿದ ಕಣ್ಣು ಮುಟ್ಟಿ ನೋಡಿ, ನಮ್ಮ ಮನೆಯಲ್ಲಿ ಮೊದಲ ಸಲ ಅತ್ತಳು. ಅವನೇ ಅವಳ ಬೆನ್ನು ಸವರಿದ.

ಜೂನ್ 8, ಭಾನುವಾರ

ನಲವತ್ತೇಳು ದಿನ. ಒಂದೂ ಇಲ್ಲ. ಬರೆಯಲೂ ಭಯ, ದೃಷ್ಟಿ ತಾಗೀತು.

ಅವಳು ನಮ್ಮ ಮಾತು ಕಲಿಯುತ್ತಿದ್ದಾಳೆ, ಇಬ್ಬರೂ ಶಾಲೆಗೆ ಹೋಗುತ್ತಾರೆ. ಇವಳನ್ನು ಅಮ್ಮ ಎನ್ನುತ್ತಾಳೆ. ನನಗೆ ಇನ್ನೂ ಏನೂ ಇಲ್ಲ. ‘ಇವ್ರು’ ಅಷ್ಟೇ. ಅಷ್ಟಾದರೂ ಇದೆಯಲ್ಲ.

ಜುಲೈ 15, ಮಂಗಳವಾರ, 11.40, ಕೋರ್ಟಿನ ವರಾಂಡ

ದಿನಾಂಕ ಕೇಳಿದರೆ ಹೇಳಲು ಡೈರಿ ತಂದಿದ್ದೆ. ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಹತ್ತು ನಿಮಿಷ ಹೊರಗಿರಲು ಹೇಳಿದ್ದಾರೆ.

ನ್ಯಾಯಾಧೀಶರು ನನ್ನ ಬಲಕ್ಕೆ ಕೂತಿದ್ದರು. ಹಾಳು ಕಿವಿಯ ಕಡೆ. ಪತ್ರ ಎತ್ತಿ ಹಿಡಿದು ಏನೋ ಕೇಳಿದರು. ಕೇಳಿಸಲಿಲ್ಲ. ಮತ್ತೆ ಕೇಳಿದರು. ನಾನು ಕಲಿತ ಪಿಸುದನಿಯಲ್ಲಿ ಏನೋ ಅಂದೆ, ಅದು ಅವರಿಗೆ ಕೇಳಿಸಲಿಲ್ಲ. ಅವರಿಗೆ ತಾಳ್ಮೆ ತಪ್ಪಿತು. ಅಂಗೈಯಿಂದ ಮೇಜು ಬಡಿದು ದನಿ ಎತ್ತಿದರು. ಇದನ್ನು ಬರೆದವರು ನೀವು ಹೌದೋ ಅಲ್ಲವೋ?

ಹಿಂದಿನ ಬೆಂಚು ಸರಿಯಿತು. ನಾನು ಚಿಕ್ಕವನ ಕಡೆ ತಿರುಗಿದೆ. ಅವನು ಇವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ದೊಡ್ಡವಳ ಏಟು ಬಿದ್ದದ್ದು ನನಗೆ.

ಕತ್ತಿಗೆ ಮೊದಲು. ಆಮೇಲೆ ಕಿವಿಗೆ, ಮುಖಕ್ಕೆ. ಕನ್ನಡಕ ಹಾರಿತು. ಉಗುರು ಹಾಕಿ ಕೆನ್ನೆ ಕಿತ್ತಳು. ಬೆನ್ನಿಗೆ ಮುಷ್ಟಿ, ಮೊಣಕೈ. ಪೊಲೀಸಿನವನು ಬಂದು ಎತ್ತಿಕೊಳ್ಳುವ ತನಕ ಬಿಡಲಿಲ್ಲ. ಅವನ ಹಿಡಿತದಲ್ಲೇ ನ್ಯಾಯಾಧೀಶರ ಕಡೆ ತಿರುಗಿ, ಏದುಸಿರು ಬಿಡುತ್ತ, ನಮ್ಮ ಮಾತಿನಲ್ಲೇ ಹೇಳಿದಳು.

“ನಾನು ಹೊಡ್ದಾಯ್ತು. ಸಾಕು. ಅಪ್ಪನ್ನ ಬಿಟ್ಬಿಡಿ.”

ನಮ್ಮ ವಕೀಲರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಕೆಲಸ ಕೆಟ್ಟಿತು, ಕಣ್ಣಾರೆ ನೋಡಿಬಿಟ್ಟರು, ಹುಡುಗನನ್ನಾದರೂ ಉಳಿಸಿಕೊಳ್ಳಿ, ಪತ್ರದಲ್ಲಿರುವುದು ನಿಜ ಎಂದುಬಿಡಿ ಎನ್ನುತ್ತಾರೆ. ಇವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆ.

ದೊಡ್ಡವಳು ನನ್ನ ಪಕ್ಕದಲ್ಲಿ ಕೂತು ತೋಳಿನಿಂದ ನನ್ನ ಕೆನ್ನೆಯ ರಕ್ತ ಒರೆಸುತ್ತಿದ್ದಾಳೆ. ಬಾಯೊಳಗೆ ಒಂದು ಹಲ್ಲು ಅಲ್ಲಾಡುತ್ತಿದೆ. ಮೆಲ್ಲಗೆ ಹೊಡೆದಿಲ್ಲ. ನನಗೆ ಮೆಲ್ಲಗೆ ಹೊಡೆಯಲು ಅವಳಿಗೆ ಧೈರ್ಯ ಬಂದಿಲ್ಲ.

ಕರೆಯುತ್ತಿದ್ದಾರೆ. ಈ ಸಲ ಎಡಗಿವಿ ಕೊಟ್ಟು ನಿಲ್ಲಬೇಕು. ಬರೆದುಕೊಂಡು ಹೋಗುತ್ತೇನೆ, ತಡವರಿಸಬಾರದು. ಸ್ವಾಮಿ, ಆ ಪತ್ರ ಬರೆದವನು ನಾನೇ. ಆಗ ನನಗೆ ಗೊತ್ತಿರಲಿಲ್ಲ. ಈ ಹುಡುಗಿ ನನ್ನ...