ಸಪಾಟಾಗದ ಕುಲಾಯಿ

ಮೈಲೂರ, ಬೀದರ
ಮಾಘ ಶುದ್ಧ ಅಷ್ಟಮಿ, ಫಸಲಿ ೧೩೩೩

ಔರಾದದ ತವರುಮನೆಯಲ್ಲಿ ಸಿಟ್ಟಿನ ಸಮೇತ ಸುಖವಾಗಿರುವ ನನ್ನ ಕಸ್ತೂರಿಗೆ,

ನಿನ್ನ ಗಂಡ, ಭೂಗೋಳದ ಮಾಸ್ತರ ಮಡೆಪ್ಪನ ಅನೇಕ ಆಶೀರ್ವಾದಗಳು. ಬೇಡವಾದರೆ ವಾಪಸು ಕಳಿಸು. ಮನೆ ಖಾಲಿ ಇದೆ, ಇಟ್ಟುಕೊಳ್ಳಲು ಜಾಗ ಬೇಕಾದಷ್ಟು.

ನೀನು ಹೋಗಿ ತಿಂಗಳಾಯಿತು. ಗೋಡೆಯ ಮೇಲಿನ ಜಗತ್ತಿನ ನಕ್ಷೆ ಮಧ್ಯಾಹ್ನದ ಗಾಳಿಗೆ ಮೆಲ್ಲಗೆ ಉಬ್ಬುತ್ತದೆ. ಜೋಂಪಿನಲ್ಲಿ ನಾನು ಗ್ರೀನ್‌ಲ್ಯಾಂಡಿನ ಬಿಳಿ ಬಯಲಿನಲ್ಲಿ ಬರಿಗಾಲಲ್ಲಿ ನಡೆಯುತ್ತ, ಔರಾದ ಎಲ್ಲಿ ಎಂದು ಕೇಳುತ್ತಿರುತ್ತೇನೆ. ಅಷ್ಟು ದೊಡ್ಡ ದೇಶದಲ್ಲಿ ಉತ್ತರ ಕೊಡಲು ಒಂದು ನರಪಿಳ್ಳೆಯೂ ಇಲ್ಲ.

ಆ ದಿನ ನಮ್ಮ ಹೆಡ್ ಮಾಸ್ತರ ಗುಲಾಮ ರಸೂಲ ಸಾಹೇಬರು ಚಹಾಕ್ಕೆ ಬಂದಾಗ, ಈ ಗ್ರೀನ್‌ಲ್ಯಾಂಡು ನಮ್ಮ ಹಿಂದೂಸ್ತಾನವನ್ನು ನುಂಗಿ ನೀರು ಕುಡಿಯುವಷ್ಟು ದೊಡ್ಡದು ಎಂದು ಕೋಲಿಟ್ಟು ತೋರಿಸಿದವನು ನಾನೇ. ಭಾಲ್ಕಿ ಸಂತೆಯ ಕೆಂಪು ಅರಿವೆಯಲ್ಲಿ ಹುಟ್ಟಲಿರುವ ಕೂಸಿನ ತಲೆಗೆ ಕುಲಾಯಿ ಹೊಲಿಯುತ್ತಿದ್ದ ನೀನು ಬಾಗಿಲ ಮರೆಯಿಂದ, “ಭೂಮಿ ಗುಂಡಗ ಅದ ಅಂತೀರಿ. ಈ ಕುಲಾಯಿ ಬಿಚ್ಚಿ ಸಪಾಟ ಹಾಸ್ರಿ ನೋಡೂಣು. ಅಂಚು ಜಗ್ಗಲಾರದ ಸಪಾಟ ಕೂಡ್ತದೇನ್ರಿ? ನಕ್ಷಾದಾಗೂ ಜಗ್ಗಿದ್ದು ದೊಡ್ಡದು ಕಾಣ್ತದ, ಅಷ್ಟೇ” ಎಂದೆ.

“ಸೂಜಿ ಹಿಡಿಯೋರಿಗೆ ಭೂಗೋಳ ಯಾಕ ಬೇಕು?” ಎಂದು ನಾನು ನಕ್ಕೆ. ಸಾಹೇಬರೂ ನಕ್ಕರು. ಮರುದಿನವೇ ಏಳು ತಿಂಗಳ ಬಸುರಿ ನೀನು ಬಂಡಿ ಹತ್ತಿದೆ. ಅದೇ ಸಾಹೇಬರ ಮುಂದೆ ನಾನು ತಪ್ಪೊಪ್ಪುವತನಕ ಕೂಸಿನ ಮುಖ ತೋರಿಸುವುದಿಲ್ಲ ಎಂದೆ. ಕುಲಾಯಿ ಇಲ್ಲೇ ಉಳಿಯಿತು.

ಹುಡುಗರು ತಿರುಗಿಸಿ ಕೆಡಿಸುತ್ತಾರೆಂದು ಸಾಲೆಯಲ್ಲಿನ ಭೂಮಿಯ ಗೋಲವನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆವು. ನಿನ್ನೆ ಮೊನ್ನೆ ತೆಗೆಸಿ ದಾರ ಹಿಡಿದು ಅಳೆದೆ. ಗ್ರೀನ್‌ಲ್ಯಾಂಡು ಹಿಂದೂಸ್ತಾನದ ಹೆಚ್ಚುಕಡಿಮೆ ಅರ್ಧ! ಸಾಹೇಬರ ಮುಂದೆ ನಿಂತು, “ನಮ್ಮ ಮನಿಯಾಕಿ ಹೇಳಿದ್ದೇ ಖರೇ ಅದರಿ” ಎಂದೆ.

“ಕ್ಯಾ ಮಾಸ್ತರ್, ಹೆಂಡತಿ ಸಿಟ್ಟಿಗಂಜಿ ಇಡೀ ಮುಲ್ಕನೇ ಸಣ್ಣದು ಮಾಡ್ತೀರಿ?” ಎಂದರು. ದಾರವನ್ನು ಅವರ ಕೈಗೇ ಕೊಟ್ಟೆ. ಅಳೆದರು. ಮತ್ತೊಮ್ಮೆ ಅಳೆದರು. ಗಡ್ಡ ನೀವಿಕೊಂಡು, “ನಿಮ್ಮ ಮನಿ ಬಾಯಿಯವರಿಗೆ ನಮ್ಮ ಸಲಾಂ ತಿಳಸ್ರಿ” ಎಂದರು. ತಿಳಿಸಿದ್ದೇನೆ.

ಬೀದರಕ್ಕೂ ಔರಾದಕ್ಕೂ ನಡುವೆ ನಕ್ಷೆಯಲ್ಲಿ ಎಳ್ಳುಕಾಳೂ ಹಿಡಿಯುವುದಿಲ್ಲ. ಅದೂ ಸುಳ್ಳೇ ಎಂದು ಈ ತಿಂಗಳು ಗೊತ್ತಾಯಿತು.

ನಿನ್ನ,
ಸೂಜಿ ಹಿಡಿಯಲು ಬಾರದ ಮಡೆಪ್ಪ

ತಾ.ಕ.: ಪರೀಕ್ಷೆಗೆಂದು ಕುಲಾಯಿಯ ಹೊಲಿಗೆ ಬಿಚ್ಚಿದ್ದೆ. ತಿರುಗಿ ಹೊಲಿಯಲು ಬಾರದೆ, ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ. ಹೌದು, ಬಂದಿದ್ದೇನೆ. ಮೇಲೆ ‘ಮೈಲೂರ’ ಎಂದು ಬರೆದದ್ದು ಸುಳ್ಳು. ನಿಮ್ಮ ಮನೆಯೆದುರಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದೇನೆ. ನಿಮ್ಮ ಅವ್ವ ನೀರು ಕೊಟ್ಟು, “ನಾ ಏನೂ ಹೇಳಂಗಿಲ್ರಿ, ಬರದು ಕೊಡ್ರಿ, ಒಯ್ತೀನಿ” ಎಂದಿದ್ದಾರೆ. ಕಿಟಕಿಯಿಂದ ನೋಡಿದರೆ ಬಹಳ ಸಣ್ಣವನಾಗಿ ಕಾಣುತ್ತೇನೆ. ಅದು ನಕ್ಷೆಯ ತಪ್ಪಲ್ಲ.