ನೂರನಲವತ್ತರ ಪುಟ

ಸೆಪ್ಟೆಂಬರ್ 19, ಗುರುವಾರ

ಅದು ತಪ್ಪಿದ ಗುಂಡಲ್ಲ. ತಗುಲಿತ್ತು. ಮೂರು ವರ್ಷದಿಂದ ಯಾರಿಗೂ ಹೇಳಿಲ್ಲ.

ಇವತ್ತೂ ಟೈರ್ ಅಂಗಡಿ ಮುಗಿಸಿ ನೇರ ದೊಡ್ಡಪ್ಪನ ಶೆಡ್ಡಿಗೆ ಹೋದೆ. ಹಿತ್ತಾಳೆಯ ಖಾಲಿ ತೋಟಾಗಳನ್ನು ಒರೆಸಿದೆ. ಮದ್ದು ತೂಗಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಈ ಕೆಲಸದ ಕಷ್ಟವೇ ಅದು.

ದೊಡ್ಡಪ್ಪನಿಗೆ 71. ಮಂಡಿ ಎರಡೂ ಹೋಗಿವೆ. ಹದಿನಾಲ್ಕು ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಲಾಟರಿಯಲ್ಲಿ ಟ್ಯಾಗು ಬಂದಿದೆ. ದೊಡ್ಡ ಕಣಿವೆಯಲ್ಲಿ ಒಂದು ಗಂಡು ಎಲ್ಕ್, ಕುದುರೆಯಷ್ಟು ದೊಡ್ಡ ಜಿಂಕೆ, ಹೊಡೆಯಲು ಪರವಾನಗಿ. ಒಂದೇ. ಅಕ್ಟೋಬರ್ 15ರಿಂದ. ಇನ್ನೊಂದು ಸಲ ಬರುವ ಹೊತ್ತಿಗೆ ಅವರು ಇರುವುದಿಲ್ಲ ಎಂದು ಅವರೇ ನಗುತ್ತಾ ಹೇಳುತ್ತಾರೆ. ಬೆಟ್ಟ ಹತ್ತಲಾರರು. ಈಚೆ ದಿಬ್ಬದಲ್ಲಿ ಕೂತು ಆಚೆ ಇಳಿಜಾರಿಗೆ ಹೊಡೆಯಬೇಕು. ಐನೂರು ಗಜಕ್ಕೂ ಹೆಚ್ಚು. ಎಷ್ಟು ತೂಕದ ಗುಂಡು ಅನ್ನುವುದನ್ನು ನನಗೆ ಬಿಟ್ಟಿದ್ದಾರೆ.

"ಪುಸ್ತಕ ನೋಡು, ಬ್ರಿನ್. ಅದು ಸುಳ್ಳು ಹೇಳಲ್ಲ."

ಪುಸ್ತಕ ಎಂದರೆ ಶೆಡ್ಡಿನ ಕಪ್ಪು ರಟ್ಟಿನದು. ಒಂದೊಂದು ತೂಕಕ್ಕೆ ಒಂದೊಂದು ಪುಟ. ದಿನ, ದೂರ, ಗಾಳಿ, ಏನಾಯಿತು. 140 ಗ್ರೇನ್ ತೂಕದ ಗುಂಡಿನ ಪುಟದಲ್ಲಿ ಎಂಟು ಸಾಲು. ಏಳರಲ್ಲಿ 'ಬಿತ್ತು'. ಒಂದರಲ್ಲಿ 'ತಪ್ಪಿತು'. ಆ ಅಕ್ಷರ ನನ್ನದು.

ಇದನ್ನು ಬರೆಯುತ್ತಿರುವುದು ಹನ್ನೊಂದನೇ ಕ್ಲಾಸಿನ ಕೆಮಿಸ್ಟ್ರಿ ನೋಟ್‌ಬುಕ್ಕಿನಲ್ಲಿ. ಆರು ಪುಟ ಬಳಸಿ ಶಾಲೆ ಬಿಟ್ಟಿದ್ದೆ. ಎಲ್ಲರೆದುರೂ ಮುಖಕ್ಕೆ ಹೊಡೆದಂತೆ ಮಾತಾಡುತ್ತೇನೆ ಎಂದು ಹೆಸರು ನನಗೆ.

ಸೆಪ್ಟೆಂಬರ್ 21, ಶನಿವಾರ

ಜಲ್ಲಿ ಗುಂಡಿಯ ಹತ್ತಿರ ಗುರಿ ಅಭ್ಯಾಸ. ಐನೂರು ಗಜಕ್ಕೆ ಉಕ್ಕಿನ ತಟ್ಟೆ. ಮೂರು ತೂಕ ಒಯ್ದಿದ್ದೆ, 140, 160, 175.

ಗಾರ್ನ್ ಅಣ್ಣನೂ ಬಂದಿದ್ದ. ದೊಡ್ಡಪ್ಪನ ಮಗ. ಫೋನಿನಲ್ಲಿ ಗಾಳಿಯ ಲೆಕ್ಕ ಹಾಕುವ ಆ್ಯಪ್ ಇದೆ. ಅದಿದ್ದರೆ ಚಂದ್ರನಿಗೂ ಹೊಡೆಯುತ್ತಾನೆ.

140 ಚೆನ್ನಾಗಿ ಕೂತಿತು. ನಾಲ್ಕಕ್ಕೆ ನಾಲ್ಕೂ ಟಣ್ ಎಂದವು. 175ಕ್ಕೆ ಬಂದಾಗ ದೊಡ್ಡಪ್ಪನ ಭುಜ ನೊಂದಿತು. ಏಪ್ರಿಲ್‌ನಲ್ಲಿ ಆಪರೇಷನ್ ಆದ ಭುಜ. ಭಾರದ ಗುಂಡು ಹಿಂದಕ್ಕೂ ಜೋರಾಗಿ ಒದೆಯುತ್ತದೆ. ಎರಡನೇ ಸಲ ಬಂದೂಕಿನ ಕುದುರೆ ಎಳೆಯುವ ಮೊದಲೇ ಅವರ ಕಣ್ಣು ಮುಚ್ಚಿತು. ತಟ್ಟೆ ಸುಮ್ಮನಿತ್ತು.

"ಅಪ್ಪಾ, ಕತ್ತೆ ಒದ್ದಂಗೆ ಒದಿಸ್ಕೊಳ್ಳೋದು ಯಾಕೆ? 140 ಹಾಕು. ಹಗುರ, ವೇಗ, ಮುಗೀತು."

"ಗಾಳಿಗೆ ಹಗುರದ್ದು ಜಾಸ್ತಿ ಸರಿಯತ್ತೆ," ಎಂದೆ.

"ಸರಿದ್ರೆ ಪುಸ್ತಕದಲ್ಲಿ ಇರ್ತಿತ್ತು. ಎಂಟರಲ್ಲಿ ಒಂದು ಮಿಸ್. ಅದೂ ನಿಂದೇ. ಗುಂಡಿನ್ದಲ್ಲ, ನಿನ್ನ ಕಣ್ಣಿನ್ದು!"

ದೊಡ್ಡಪ್ಪ ನಕ್ಕರು. ನಾನೂ ನಕ್ಕೆ. ಬರೆಯಲೇಬೇಕು, ನಾನೂ ನಕ್ಕೆ.

ಸೆಪ್ಟೆಂಬರ್ 22, ಭಾನುವಾರ

ಚರ್ಚು. ಇವತ್ತು ಬಂದೂಕು ಮುಟ್ಟುವಂತಿಲ್ಲ.

ಊಟಕ್ಕೆ ಬಂದವರಿಗೆ ದೊಡ್ಡಪ್ಪ ಶೆಡ್ಡಿನ ಬಾಗಿಲ ಮೇಲಿನ ಕೊಂಬು ತೋರಿಸಿದರು. "ನಮ್ಮ ಹುಡುಗಿ ಬ್ರಿನ್‌ದು. ಹದಿನಾರು ವಯಸ್ಸಿಗೇ." ಬಂದವರು ತಲೆದೂಗಿದರು. ಆ ಕೊಂಬು ನಾನು ಹೊಡೆದ ಎರಡನೆಯ ಎಲ್ಕ್‌ನದು. ಮೊದಲನೆಯದಕ್ಕೆ ಹೊಡೆದು ಐದು ದಿನಕ್ಕೆ ಹೊಡೆದದ್ದು. ಇಲ್ಲಿ ಎಲ್ಲರೂ ಪಾಲಿಸುವುದು ಒಂದೇ. ರಕ್ತ ಬಂದರೆ ನಿನ್ನ ಟ್ಯಾಗು ಮುಗಿಯಿತು, ಸಿಗಲಿ ಬಿಡಲಿ. ಕಾನೂನಲ್ಲ. ಕಾನೂನಾಗಿದ್ದರೆ ಮುರಿಯುವುದು ಸುಲಭವಿತ್ತೇನೋ.

ಅಕ್ಟೋಬರ್ 5, ಶನಿವಾರ. ಸಂಜೆ 5

ಎರಡು ವಾರ ಬರೆಯಲಿಲ್ಲ. ಬರೆಯುವಂಥದು ಏನೂ ಮಾಡಲಿಲ್ಲ.

ದೊಡ್ಡಪ್ಪ ತೀರ್ಮಾನ ಮಾಡಿಬಿಟ್ಟರು. 140. ಇಪ್ಪತ್ತು ತುಂಬಿಸಿಡು ಎಂದರು. ಆರು ತುಂಬಿದೆ. ಏಳನೆಯದಕ್ಕೆ ಮದ್ದು ತೂಗಿ, ತಕ್ಕಡಿಯಲ್ಲೇ ಬಿಟ್ಟು ಹೊರಗೆ ಬಂದೆ. ಹೇಸರಗತ್ತೆ ಪರ್ಲಿಗೆ ಹುಲ್ಲು ಹಾಕಿದೆ. ಅದಕ್ಕೆ ಆಗಲೇ ಹಾಕಿಯಾಗಿತ್ತು.

ಅಕ್ಟೋಬರ್ 6, ಭಾನುವಾರ

ಹೇಳಿದೆ.

ಚರ್ಚಿನಿಂದ ಬಂದ ಮೇಲೆ ದೊಡ್ಡಪ್ಪ ಹಿಂದಿನ ಮೆಟ್ಟಿಲ ಮೇಲೆ ಮಂಡಿಗೆ ಬಿಸಿನೀರ ಚೀಲ ಇಟ್ಟುಕೊಂಡು ಕೂತಿದ್ದರು. ಒಳಗೆ ದೊಡ್ಡಮ್ಮ ಆಲೂಗಡ್ಡೆ ಓವನ್ನಿಗೆ ಇಡುತ್ತಿದ್ದಳು.

"ದೊಡ್ಡಪ್ಪ, ಪುಸ್ತಕದಲ್ಲಿ ಒಂದು ಸಾಲು ಸುಳ್ಳಿದೆ."

"ಯಾವುದು?"

"ನಂದು. ತಪ್ಪಿಲ್ಲ ಅದು. ಹೊಟ್ಟೆಗೆ ತಗುಲ್ತು."

ಅವರು ತಿರುಗಿ ನೋಡಲಿಲ್ಲ. "ಹೇಗೆ ಗೊತ್ತಾಯ್ತು?"

"ಬೆನ್ನು ಬಾಗಿಸ್ತು. ಓಡ್ಲಿಲ್ಲ. ನಡೀತು."

ಅಷ್ಟು ಸಾಕಿತ್ತು ಅವರಿಗೆ. ಪುಪ್ಪುಸಕ್ಕೆ ತಗುಲಿದ್ದು ಓಡುತ್ತದೆ, ಬೀಳುತ್ತದೆ. ಹೊಟ್ಟೆಗೆ ತಗುಲಿದ್ದು ಬೆನ್ನು ಗೂನು ಮಾಡಿಕೊಂಡು ನಡೆಯುತ್ತದೆ. ಏಳುನೂರು ಪೌಂಡಿನ ಪ್ರಾಣಿ, ಮುದುಕನ ಹಾಗೆ. ಅದು ಸಾಯಲು ಒಂದು ದಿನ ಬೇಕು. ಕೆಲವಕ್ಕೆ ಎರಡು.

"ಆಚೆ ಹೋದ್ಯಾ?"

"ಹೋದೆ. ಕಣಿವೆ ದಾಟೋಕೆ ಒಂದೂವರೆ ಗಂಟೆ ಆಯ್ತು. ಹುಲ್ಲಿನ ಮೇಲೆ ಹೊಟ್ಟೆಯೊಳಗಿನ ಹಸಿರು ಬಳ್ಕೊಂಡಿತ್ತು. ರಕ್ತ ಸ್ವಲ್ಪ. ಆಮೇಲೆ ಹಿಮ ಬೀಳೋಕೆ ಶುರುವಾಯ್ತು."

"ನಾನು ಕೆಳಗೆ ಕುದುರೆ ಹತ್ರ ಇದ್ನಲ್ಲ. ಕರೀಬಾರದಿತ್ತಾ?"

"ಕರೆದಿದ್ರೆ ನನ್ನ ಟ್ಯಾಗು ಹೋಗ್ತಿತ್ತು."

ಇದಕ್ಕಿಂತ ಒಳ್ಳೆಯ ಕಾರಣ ಇರಬಹುದೆಂದು ಮೂರು ವರ್ಷ ಹುಡುಕಿದ್ದೇನೆ. ಇಲ್ಲ.

ದೊಡ್ಡಪ್ಪ ಚೀಲವನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಆಮೇಲೆ, "ಆ ಹಿಮದಲ್ಲಿ ನಾಲ್ಕು ಜನ ಹುಡುಕಿದ್ರೆ ಸಿಕ್ತಿತ್ತು," ಎಂದರು. ಬೈಯಲಿಲ್ಲ. ಸಿಗುತ್ತಿತ್ತು ಎಂದಷ್ಟೇ ಹೇಳಿದರು.

ದೊಡ್ಡಮ್ಮ ಊಟಕ್ಕೆ ಕರೆದಳು. ತಿಂದೆವು.

ಅಕ್ಟೋಬರ್ 7, ಸೋಮವಾರ

ಶೆಡ್ಡಿನಲ್ಲಿ ಪುಸ್ತಕ ತೆರೆದಿತ್ತು. ಪೆನ್ಸಿಲ್ ಅದರ ಮೇಲೆ.

"ತಿದ್ದು. ಗೊತ್ತಿರೋದೆಲ್ಲ ಬರಿ."

'ತಪ್ಪಿತು' ಹೊಡೆದು ಹಾಕಿದೆ. 'ಹೊಟ್ಟೆಗೆ. ಸಿಗಲಿಲ್ಲ.' ದೂರ 540 ಗಜ. ಗಾಳಿ ಎಡದಿಂದ. ನಾನು ಒಂದು ಗೇಣು ಸರಿಯುತ್ತದೆ ಎಂದುಕೊಂಡಿದ್ದೆ, ಎರಡು ಗೇಣು ಸರಿಯಿತು.

"175 ಹಾಕಿದ್ರೆ?" ದೊಡ್ಡಪ್ಪ ಕೇಳಿದರು.

"ಅರ್ಧ ಗೇಣು ಕಮ್ಮಿ ಸರೀತಿತ್ತು."

"ಆಗ ಪುಪ್ಪುಸಕ್ಕೆ ಬೀಳ್ತಿತ್ತಾ?"

ಹೌದು ಎನ್ನಬಹುದಿತ್ತು. ಗುಂಡಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. "ಗೊತ್ತಿಲ್ಲ. ಬಹುಶಃ ಇಲ್ಲ. ಗಾಳಿ ಓದಿದ್ದೇ ತಪ್ಪು."

"ಹ್ಞೂಂ. ಯಾವ ತೂಕದ ಗುಂಡೂ ನಮ್ಮ ಬದಲು ಗಾಳಿ ಓದಲ್ಲ." ಎದ್ದು ಹೋಗಿ ನಡುವಿನ ಡಬ್ಬಿ ತಂದರು. "160. ಭುಜ ತಡ್ಕೊಳ್ಳತ್ತೆ. ಮುನ್ನೂರು ಗಜ. ಅದಕ್ಕಿಂತ ಒಂದು ಹೆಜ್ಜೆ ಆಚೆ ಇದ್ರೂ ಹೊಡೆಯಲ್ಲ."

ಮುನ್ನೂರು ಗಜ ಬೇಕಾದರೆ ದಿಬ್ಬ ಬಿಟ್ಟು ಕಣಿವೆಯ ತಳಕ್ಕೆ ಇಳಿಯಬೇಕು. ಅಲ್ಲಿಂದ ಆಚೆ ಇಳಿಜಾರು ಅರ್ಧವೂ ಕಾಣುವುದಿಲ್ಲ.

ಆರು ತೋಟಾಗಳನ್ನು ಬಿಚ್ಚಿದೆ. ಮದ್ದು ವಾಪಸ್ ಡಬ್ಬಿಗೆ.

ಅಕ್ಟೋಬರ್ 9, ಬುಧವಾರ

ಗಾರ್ನ್ ಅಣ್ಣ ಟೈರ್ ಅಂಗಡಿಗೇ ಬಂದ. ಎಂಜಿನ್ ಆಫ್ ಮಾಡಲಿಲ್ಲ.

"ನಿನ್ನ ಎದೆ ಹಗುರ ಆಯ್ತಾ, ತಾಯಿ? ಹದಿನಾಲ್ಕು ವರ್ಷ ಕಾದ್ರು ಅಪ್ಪ. ಈಗ ಕಣಿವೆ ತಳದಲ್ಲಿ ಕೂತು ಬಂಡೆ ನೋಡ್ತಾರೆ. ಇನ್ನೊಂದು ತಿಂಗಳು ಬಾಯಿ ಮುಚ್ಕೊಂಡಿರೋಕಾಗ್ಲಿಲ್ವಾ?"

"ಇಲ್ಲ."

"ಮೂರು ವರ್ಷ ಆಗಿತ್ತಲ್ಲ!"

ಅವನು ಹೇಳಿದ್ದು ಸರಿ. ಮೊದಲೇ ಹೇಳಿದ್ದರೆ ಕಳೆದುಕೊಳ್ಳುವವಳು ನಾನೊಬ್ಬಳೇ ಆಗಿದ್ದೆ. ಈಗ ದೊಡ್ಡಪ್ಪನ ಟ್ಯಾಗು.

ಅಕ್ಟೋಬರ್ 12, ಶನಿವಾರ

ನಾಳೆ ಭಾನುವಾರವಾದ್ದರಿಂದ ಎಲ್ಲ ಇವತ್ತೇ ಕಟ್ಟಿದೆವು. ಟೆಂಟು, ಒಲೆ, ಬೀನ್ಸ್ ಡಬ್ಬಿ, ಪರ್ಲಿಗೆ ಓಟ್ಸ್. ಕಣಿವೆಯ ತಳದವರೆಗೆ ದೊಡ್ಡಪ್ಪ ಪರ್ಲಿಯ ಮೇಲೆ. ಹಗ್ಗ ನನ್ನ ಕೈಯಲ್ಲಿ. ನನ್ನ ರೈಫಲ್ ಮನೆಯಲ್ಲೇ ಇರುತ್ತದೆ. ಯಾರೂ ಹೇಳಲಿಲ್ಲ, ನಾನೇ ಬೀಗ ಹಾಕಿದೆ.

ಕೊಂಬು ಇಳಿಸಲು ಏಣಿ ಹಾಕಿ ಹತ್ತಿದೆ. ಕೆಳಗಿನಿಂದ ಗಾರ್ನ್ ಅಣ್ಣ ಕೂಗಿದ. "ಲೇ, ಅದನ್ನ ಬಿಡೇ! ಲಗಾಮು ಹಗ್ಗ ಎಲ್ಲ ಎಲ್ಲಿ ನೇತಾಕೋದು?" ನೋಡಿದರೆ ಪರ್ಲಿಯ ಎರಡು ಹಗ್ಗ, ದೊಡ್ಡಮ್ಮನ ಹಳೇ ರೇನ್‌ಕೋಟು ಅದಕ್ಕೇ ತೂಗುತ್ತಿದ್ದವು. ಇಳಿದೆ. ಬುಧವಾರದ ನಂತರ ಅವನು ಮಾತಾಡಿದ್ದು ಇದೇ ಮೊದಲು.

160ರದು ಇಪ್ಪತ್ತು ತುಂಬಿದ್ದೆ. ದೊಡ್ಡಪ್ಪ ಮೂರು ತೆಗೆದುಕೊಂಡು ಉಳಿದದ್ದನ್ನು ಕಪಾಟಿಗೆ ಇಟ್ಟರು.

"ಮೂರಕ್ಕಿಂತ ಜಾಸ್ತಿ ಬೇಕಾದ್ರೆ ನಾನು ಅಲ್ಲಿರಬಾರದು ಅಂತ ಅರ್ಥ."

ಅಕ್ಟೋಬರ್ 13, ಭಾನುವಾರ. ಮಧ್ಯಾಹ್ನ 3

ಚರ್ಚಿನಿಂದ ಬರುವಾಗ ಟ್ರಕ್ಕಿನಲ್ಲಿ ಕೇಳಿಯೇಬಿಟ್ಟೆ.

"ಒಳ್ಳೇದೊಂದು ಐನೂರನಲವತ್ತರಲ್ಲೇ ಬಂದು ನಿಂತ್ರೆ?"

"ನಿಲ್ಲಲಿ. ನೋಡೋಣ. ನೋಡೋಕೆ ಟ್ಯಾಗು ಬೇಡ."

"ಬೇಜಾರಿಲ್ವಾ?"

"ಇದೆ," ಎಂದರು. ಗೇರ್ ಬದಲಾಯಿಸಿದರು. "ತುಂಬಾನೇ ಇದೆ, ಮಗಳೇ."

ಸುಳ್ಳು ಹೇಳಬಹುದಿತ್ತು ಅವರು.

ಪುಸ್ತಕ ನನ್ನ ಚೀಲದಲ್ಲಿದೆ. 160ರ ಪುಟದಲ್ಲಿ ಹೊಸ ಸಾಲು ಎಳೆದಿದ್ದೇನೆ. ದಿನ, ದೂರ, ಗಾಳಿ, ಏನಾಯಿತು. ನಾಲ್ಕೂ ಖಾಲಿ. ಖಾಲಿಯೇ ವಾಪಸ್ ಬಂದರೂ ಆ ಸಾಲು ಅಳಿಸುವುದಿಲ್ಲ.

ಪೆನ್ಸಿಲ್ ಚೂಪು ಮಾಡಿದೆ. ನಾಳೆ ಬೆಳಗ್ಗೆ ನಾಲ್ಕಕ್ಕೆ ಹೊರಡುತ್ತೇವೆ.