ನೀವು ತೋರಿಸಿದ ಕೈ ನನ್ನ ಹೆಂಡತಿಯದಲ್ಲ

ಮಾನ್ಯ ಕಾರ್ಯಕ್ರಮ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಿಮ್ಮ ವಾಹಿನಿ ನನ್ನ ಹೆಂಡತಿ ಗೋದಾಳ ತಬಲಾ ವಾದನವನ್ನು ಪ್ರಸಾರ ಮಾಡಿತು. ಆ ಉಪಕಾರದ ಫಲವಾಗಿ ಇಂದು ಪುಣೆಯ ಕನ್ನಡಿಗರಲ್ಲಿ ಅರ್ಧ ಜನ, ಆಕೆಗೆ ತಬಲಾ ಬರುವುದೇ ಇಲ್ಲ, ಕ್ಯಾಮೆರಾ ಮುಂದೆ ಸುಮ್ಮನೆ ಕೈ ಆಡಿಸಿದಳು, ಯಾರೋ ಗಂಡಸು ನುಡಿಸಿದ ಧ್ವನಿಯನ್ನು ಆಮೇಲೆ ಸೇರಿಸಿದ್ದಾರೆ ಎಂದು ನಂಬಿದ್ದಾರೆ. ಅಮೆರಿಕದಿಂದ ಬಂದ ಟೇಪನ್ನು ನಮ್ಮ ದೇಶದ ಪ್ರಸಾರ ಪದ್ಧತಿಗೆ ಬದಲಾಯಿಸುವಾಗ ನಿಮ್ಮವರು ಚಿತ್ರವನ್ನು ಹಾಳು ಮಾಡಿದರು. ಹಾಳಾದದ್ದು ನಿಮ್ಮ ಚಿತ್ರ, ಹೋದದ್ದು ಆಕೆಯ ಮರ್ಯಾದೆ. ಇಷ್ಟಾದ ಮೇಲೂ ತಪ್ಪೇ ನಡೆದಿಲ್ಲ ಎನ್ನುವ ನಿಮ್ಮ ಧೈರ್ಯವನ್ನು ನಾನು ಮೆಚ್ಚಲೇಬೇಕು.

ಇದನ್ನು ಮೊದಲು ಮರಾಠಿಯಲ್ಲಿ ಬರೆದೆ. ಆಮೇಲೆ ಇಂಗ್ಲಿಷಿನಲ್ಲಿ ಬರೆದೆ. ನಿಮಗೆ ಕನ್ನಡ ಬಾರದು ಎಂಬುದು ನನಗೆ ಗೊತ್ತು. ಆದರೆ ಬರುವ ಎರಡು ಭಾಷೆಗಳಲ್ಲಿ ನಿಮಗೆ ಎಷ್ಟು ಅರ್ಥವಾಯಿತು ಎಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಸಲೀಸಾಗಿ ಬೈಯಲು ಬರುವ ಭಾಷೆಯಲ್ಲೇ ಬರೆಯೋಣವೆಂದು, ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಇದನ್ನು ಅಚ್ಚು ಮಾಡಿಸುತ್ತಿದ್ದೇನೆ. ಆಕೆಯ ಮೇಲಿನ ಗಾಳಿಮಾತು ಹಬ್ಬಿದ್ದೂ ಇದೇ ಭಾಷೆಯಲ್ಲಿ.

ನಡೆದದ್ದು ಇಷ್ಟು. ಕಳೆದ ಬೇಸಿಗೆಯಲ್ಲಿ ಶಿಕಾಗೋದ ಕೆಲವು ಸಂಗೀತಪ್ರಿಯರು ಗೋದಾಳನ್ನು ಕರೆಸಿಕೊಂಡು ಒಂದು ಕಛೇರಿ ಏರ್ಪಡಿಸಿದರು. ಹಿಂದೆ ಕೂತು ಗಾಯಕರಿಗೆ ಸಾಥ್ ಕೊಡುವ ಕಛೇರಿಯಲ್ಲ, ಆಕೆಯೊಬ್ಬಳದೇ ವಾದನ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ತಬಲಾ ಕಲಿಯುತ್ತೇನೆಂದರೆ, "ಹೆಣ್ಣ ಹುಡುಗಿ ಡಗ್ಗಾ ಬಡಿಯೂದಂದ್ರ ಏನು, ಪೇಟಿ ಕಲೀ ಬೇಕಾದ್ರ" ಎಂದು ಮನೆಯವರೇ ಹಾರ್ಮೋನಿಯಂ ಮುಂದಿಟ್ಟಿದ್ದರಂತೆ. ಅಂಥವಳು ಪರದೇಶದ ವೇದಿಕೆಯ ನಟ್ಟನಡುವೆ ಒಬ್ಬಳೇ ಕೂತು ನುಡಿಸಿದಳು. ಅಲ್ಲಿಯವರು ಅದನ್ನು ಚೆನ್ನಾಗಿ ಚಿತ್ರೀಕರಿಸಿ ಟೇಪು ಕೊಟ್ಟು ಕಳಿಸಿದರು. ಸುದ್ದಿ ತಿಳಿದು ಟೇಪು ಕೇಳಿಕೊಂಡು ಬಂದವರು ನೀವು. "ಪುಣೆಯ ಹೆಮ್ಮೆ" ಎಂದು ಹೊಗಳಿದವರೂ ನೀವೇ. ನಾವು ಕೊಟ್ಟೆವು. ಖುಷಿಯಿಂದಲೇ ಕೊಟ್ಟೆವು.

ಆ ಭಾನುವಾರ ನಮ್ಮ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಶಿಷ್ಯೆಯರು, ಅವರ ತಾಯಂದಿರು, ಅಕ್ಕಪಕ್ಕದವರು, ಎಲ್ಲರಿಗೂ ಅವಲಕ್ಕಿ ಆಗಿತ್ತು. ನಿಧಾನಗತಿಯ ವಿಲಂಬಿತ ನಡೆಯುವವರೆಗೆ ಎಲ್ಲ ಸರಿ ಇತ್ತು. ಆಕೆಯ ಕುಂಕುಮ ಬಣ್ಣದ ಸೀರೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಹೋಗಲಿ, ಸೀರೆಯ ಬಣ್ಣಕ್ಕಾಗಿ ಪತ್ರ ಬರೆಯುವವನು ನಾನಲ್ಲ. ಆಮೇಲೆ ಬೆರಳುಗಳು ಓಡುವ ರೇಲಾ ಶುರುವಾಯಿತು ನೋಡಿ, ಪರದೆಯ ಮೇಲೆ ಒಂದು ಕೈ ಇದ್ದಲ್ಲಿ ಎರಡು ಮಸುಕು ಕೈಗಳು ಕಂಡವು. ಎರಡೂ ಗಾಳಿಯಲ್ಲಿ ತೇಲುತ್ತಿದ್ದವು. ಕೈ ತಬಲಾ ಮುಟ್ಟುವ ಮೊದಲೇ ಸದ್ದು ಬಂದು ಹೋಗುತ್ತಿತ್ತು. ಪರದೆಯ ಮೇಲೆ ಆಕೆಯ ಕೈ ಕೊನೆಯ ಪೆಟ್ಟಿಗೆ ಇಳಿದದ್ದು, ಆ ಪೆಟ್ಟು ಕೇಳಿ ಚಪ್ಪಾಳೆ ಶುರುವಾದ ಮೇಲೆ. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋದಾ ಎದ್ದು ಚಹಾ ಮಾಡಲು ಒಳಗೆ ಹೋದಳು.

ಅದಾದ ಒಂದು ವಾರಕ್ಕೆ ಸಂಘದ ಕಾರ್ಯದರ್ಶಿ ಬಸವಪ್ರಭು ನನ್ನ ಅಂಗಡಿಗೆ ಬಂದರು. ಸ್ವಾರಗೇಟಿನ ಹತ್ತಿರ ನನ್ನದೊಂದು ಕನ್ನಡಕದ ಅಂಗಡಿ. ಸಂಘದ ವಾರ್ಷಿಕ ಸಂಗೀತ ಸಭೆಯಲ್ಲಿ ಗೋದಾಳ ಕಛೇರಿ ನಿಗದಿಯಾಗಿತ್ತು. ಈ ಊರಿನಲ್ಲಿ ನಮ್ಮ ಜನರ ಮುಂದೆ ಆಕೆ ಒಬ್ಬಳೇ ನುಡಿಸಬೇಕಾಗಿದ್ದುದು ಅದೇ ಮೊದಲು. ಬಸವಪ್ರಭು ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬಾರದು. ಕನ್ನಡಕದ ಫ್ರೇಮುಗಳನ್ನು ಒಂದೊಂದೇ ಎತ್ತಿ ನೋಡುತ್ತ ನಿಂತವರು ಕೊನೆಗೆ ಬಾಯಿ ಬಿಟ್ಟರು.

"ಬಾಳಕೃಷ್ಣ ಅವರ, ತಪ್ಪ ತಿಳ್ಕೋಬ್ಯಾಡ್ರಿ. ನಾನೂ ಟೀವಿ ನೋಡೇನಿ. ಬಾಯಾರ ಕೈ ಇನ್ನೂ ಮ್ಯಾಲ ಇತ್ರಿ, ಸಪ್ಪಳ ಆಗ್ಲೇ ಬಂದಿತ್ತು. ಮಂದಿ ಕೇಳ್ತಾರ, ನಾ ಏನ ಹೇಳ್ಲಿ? ಈ ವರ್ಷ ಬ್ಯಾಡ. ಮುಂದಿನ ವರ್ಷ ನೋಡೋಣಂತ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದರು. ಈ ಪತ್ರವನ್ನು ಅಚ್ಚು ಮಾಡಲು ಒಪ್ಪಿದವರೂ ಅವರೇ. ಆದರೆ ಮನೆಗೆ ಹೋಗಿ ಈ ಮಾತನ್ನು ಗೋದಾಳಿಗೆ ಹೇಳಬೇಕಾದವನು ನಾನು. ನಿಮ್ಮ ಹೆಂಡತಿಗೆ ಅಂಥದ್ದೊಂದು ಮಾತು ಹೇಳುವ ಪ್ರಸಂಗ ನಿಮಗೆ ಎಂದೂ ಬಾರದಿರಲಿ.

ಮರುದಿನ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಎಂಜಿನಿಯರ ಸಾಹೇಬರು ಮಾತ್ರ ಬಹಳ ಪ್ರೀತಿಯಿಂದ ವಿವರಿಸಿದರು. ಅಮೆರಿಕದ ಟೇಪಿನಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ, ನಮ್ಮಲ್ಲಿ ಇಪ್ಪತ್ತೈದು. ಹಾಗಾಗಿ ಆರು ಚಿತ್ರಗಳಿಂದ ಐದು ಮಾಡಬೇಕು. ಒಳ್ಳೆಯ ಯಂತ್ರವಾದರೆ ಚಲನೆಯನ್ನು ಲೆಕ್ಕ ಹಾಕಿ ಹೊಸ ಚಿತ್ರ ಕಟ್ಟುತ್ತದೆ. ನಿಮ್ಮದು ಅಕ್ಕಪಕ್ಕದ ಎರಡನ್ನು ಕಲಸಿ ಒಂದು ಮಾಡುತ್ತದೆ. ಎತ್ತಿದ ಕೈಯನ್ನೂ ಇಳಿಸಿದ ಕೈಯನ್ನೂ ಕಲಸಿದರೆ ಏನು ಬರುತ್ತದೆಯೋ ಅದನ್ನೇ ಊರೆಲ್ಲ ನೋಡಿತು. ಚಿತ್ರವನ್ನು ಕಟ್ಟುವ ಅಡ್ಡಗೆರೆಗಳೂ ಅವರಲ್ಲಿ ಕಡಿಮೆ, ನಮ್ಮಲ್ಲಿ ಹೆಚ್ಚು. ಆ ಕೊರತೆಯನ್ನು ಎಳೆದು ತುಂಬಿಸಿದ್ದಕ್ಕೆ ಇನ್ನಷ್ಟು ಮಸುಕು. ಇದರ ಮೇಲೆ, ಚಿತ್ರ ಯಂತ್ರದೊಳಗೆ ಹಾದು ತಡವಾಗಿ ಹೊರಗೆ ಬರುತ್ತದೆ, ಧ್ವನಿ ನೇರವಾಗಿ ಬಂದುಬಿಡುತ್ತದೆ. ಧ್ವನಿಯನ್ನೂ ಅಷ್ಟೇ ಹೊತ್ತು ತಡೆದು ಹೊರಗೆ ಬಿಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಮುಂಬಯಿಯ ದೊಡ್ಡ ಸ್ಟುಡಿಯೋಗಳಲ್ಲಿ ಹಾಗೆಯೇ ಮಾಡುತ್ತಾರಂತೆ. ಹಾಗಾದರೆ ನೀವೇಕೆ ಮಾಡಲಿಲ್ಲ ಎಂದು ಕೇಳಿದೆ. ಅವರು ಕುರ್ಚಿಗೆ ಒರಗಿ ನಕ್ಕು ಹೇಳಿದರು: "ಕಾಕಾ, ಎವಢಂ ಚಾಲತಂಚ."

ಎವಢಂ ಚಾಲತಂಚ! ಇಷ್ಟು ನಡೆಯುತ್ತದೆ! ಯಾರಿಗೆ ನಡೆಯುತ್ತದೆ, ಸ್ವಾಮಿ? ನಿಮಗೆ ನಡೆಯಿತು, ನಿಮ್ಮ ಯಂತ್ರಕ್ಕೆ ನಡೆಯಿತು, ನಮ್ಮ ಮನೆಯಲ್ಲಿ ನಡೆಯಲಿಲ್ಲವಲ್ಲ? ನನ್ನ ಅಂಗಡಿಗೆ ಬಂದ ಗಿರಾಕಿಗೆ ಬೇರೆ ಯಾರದೋ ನಂಬರಿನ ಕನ್ನಡಕ ಏರಿಸಿ, ಮೆಟ್ಟಿಲು ಎರಡೆರಡು ಕಾಣುತ್ತಿದೆ ಎಂದು ಅವರು ದೂರಿದರೆ, ಗಾಜು ಪರದೇಶದ್ದು, ಇಷ್ಟು ನಡೆಯುತ್ತದೆ ಎಂದು ಕಳಿಸಲೇ? ಅವರು ಬಿದ್ದು ಕಾಲು ಮುರಿದುಕೊಂಡರೆ, ನಿಮಗೆ ಮೊದಲಿನಿಂದಲೂ ನಡೆಯಲು ಬರುತ್ತಿರಲಿಲ್ಲ ಎನ್ನಲೇ? ಕ್ರಿಕೆಟ್ ಪಂದ್ಯದಲ್ಲಿ ಚೆಂಡು ಬ್ಯಾಟಿಗೆ ತಗಲುವ ಮೊದಲೇ ಟಕ್ ಎಂದು ಕೇಳಿಸಿದ್ದರೆ ನಿಮ್ಮ ಕಚೇರಿಯ ಮುಂದೆ ಎಷ್ಟು ಜನ ಸೇರುತ್ತಿದ್ದರು ಎಂಬುದು ನಿಮಗೂ ಗೊತ್ತು. ಗೋದಾಳ ವಾದನದ ನಡುವೆ ಬಂದ ಬಿಸ್ಕತ್ತಿನ ಜಾಹೀರಾತಿನಲ್ಲಿ ಬಿಸ್ಕತ್ತಿನ ಮೇಲಿನ ಸಕ್ಕರೆ ಕಣ ಕೂಡ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅದು ಮುರಿದಾಗ ಸದ್ದು ಸರಿಯಾದ ಹೊತ್ತಿಗೇ ಬಂತು. ಬಿಸ್ಕತ್ತಿಗೆ ಇರುವ ಮಾನ ನಮಗಿಲ್ಲ ಎಂಬುದನ್ನು ಒಪ್ಪಿಕೊಂಡುಬಿಡಿ, ನಾನು ಸುಮ್ಮನಾಗುತ್ತೇನೆ.

ನನ್ನ ಮಾತಿಗೆ ಪುರಾವೆ ಇಲ್ಲದಿಲ್ಲ. ಮಸ್ಕತ್ತಿನಲ್ಲಿ ಕೆಲಸ ಮಾಡಿ ಬಂದಿರುವ ನಮ್ಮ ಶಿವರಾಜ ಊರಂಚಿನ ಕಾತ್ರಜದಲ್ಲಿದ್ದಾರೆ. ಎಲ್ಲ ದೇಶದ ಟೇಪುಗಳನ್ನೂ ಇದ್ದ ಹಾಗೆಯೇ ತೋರಿಸುವ ಟಿ.ವಿ., ವಿ.ಸಿ.ಆರ್. ಎರಡೂ ಅವರಲ್ಲಿವೆ. ನಿಮ್ಮಿಂದ ಮೂಲ ಟೇಪು ವಾಪಸು ತಂದು ಅಲ್ಲಿ ಹಾಕಿ ನೋಡಿದೆವು. ಬೆರಳು ಬೆರಳೂ ಕಾಣುತ್ತಿತ್ತು. ಬಿದ್ದ ಪೆಟ್ಟಿಗೆ ಸದ್ದು, ಎತ್ತಿದ ಕೈಗೆ ಮೌನ. ಶಿವರಾಜ ಎದ್ದು ನಿಂತು, "ಬಾಯಾರ, ಇದನ್ನ ನೋಡಿನೂ ಯಾರರ ಸಂಶೇ ಪಡ್ತಾರೇನ್ರಿ?" ಎಂದರು. ಗೋದಾ ತನ್ನದೇ ವಾದನ ನೋಡುತ್ತ ಅಳುತ್ತಿದ್ದಳು. ನನಗೂ ದುಃಖ ತಡೆಯಲಿಲ್ಲ. ನುಡಿಸಿದ್ದು ತಾನೇ ಎಂದು ಖಾತ್ರಿ ಮಾಡಿಕೊಳ್ಳಲು ಒಬ್ಬ ಕಲಾವಿದೆ ಕಾತ್ರಜದವರೆಗೆ ಬಸ್ಸು ಹತ್ತಬೇಕಾಯಿತಲ್ಲ!

ನೀವೂ ಬಂದು ನೋಡಿರೆಂದು ಕರೆದೆ. ಖಾಸಗಿ ಮನೆಯ ಟಿ.ವಿ. ಅಧಿಕೃತವಲ್ಲವಂತೆ. ಅದರ ಬದಲು ಒಂದು ಉದಾರವಾದ ಸಲಹೆ ಕಳಿಸಿದಿರಿ. ನೀವು ನೇಮಿಸುವ ತಜ್ಞರ ಸಮಿತಿಯ ಎದುರು ಗೋದಾ ಬಂದು ನುಡಿಸಿ ತೋರಿಸಬೇಕು. ಸಮಿತಿಗೆ ತೃಪ್ತಿಯಾದರೆ ಸ್ಪಷ್ಟೀಕರಣ ಕೊಡುವ ಬಗ್ಗೆ ಪರಿಶೀಲಿಸುತ್ತೀರಿ. ಎಂಥ ನ್ಯಾಯ! ಚಿತ್ರ ಕೆಡಿಸಿದ ಯಂತ್ರಕ್ಕೆ ಪರೀಕ್ಷೆಯಿಲ್ಲ, ಅದನ್ನು ನಡೆಸಿದವರಿಗಿಲ್ಲ, ನೋಡದೆಯೇ ಪ್ರಸಾರಕ್ಕೆ ಸಹಿ ಹಾಕಿದ ನಿಮಗಂತೂ ಇಲ್ಲವೇ ಇಲ್ಲ. ಗೋದಾಳಿಗೆ ಓದಿ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು:

"ನನ್ನ ಕೈ ಯಾಕ ತಪಾಸ ಮಾಡ್ಬೇಕ್ರಿ ಅವರು? ನೀವಽ ಅವರನ್ನ ಅಂಗಡಿಗೆ ಕರದು ಕಣ್ಣ ತಪಾಸ ಮಾಡ್ರಿ. ನಾ ಎಲ್ಲೂ ಹೋಗಂಗಿಲ್ಲ."

ಆಕೆ ಬರುವುದಿಲ್ಲ. ನಾನೂ ಕಳಿಸುವುದಿಲ್ಲ.

ನನ್ನ ಬೇಡಿಕೆ ಇದು. ಆ ಟೇಪನ್ನು ಮುಂಬಯಿಯಲ್ಲಿ ಸರಿಯಾಗಿ ಬದಲಾಯಿಸಿ, ಅದೇ ಭಾನುವಾರದ ಬೆಳಗಿನ ಹೊತ್ತಿನಲ್ಲಿ ಪೂರ್ತಿಯಾಗಿ ಮರುಪ್ರಸಾರ ಮಾಡಿ. ಸಂಘದ ಸಭೆಗೆ ಮುಂಚೆ ಮಾಡಿ, ಅದಾದ ಮೇಲೆ ಮಾಡಿ ಉಪಯೋಗವಿಲ್ಲ. ಶುರುವಿನಲ್ಲಿ ನಿಮ್ಮ ನಿರೂಪಕಿ ಎರಡು ಮಾತು ಓದಲಿ: "ಅಂದು ನೀವು ಕೇಳಿದ್ದು ಗೋದಾ ಅವರೇ ನುಡಿಸಿದ ತಬಲಾ. ನೋಡಿದ್ದು ಮಾತ್ರ ನಮ್ಮ ಯಂತ್ರ ಕೆಡಿಸಿದ ಚಿತ್ರ." ಕ್ಷಮೆ ಕೇಳುವುದು ಬೇಡ, ಅದು ನಿಮ್ಮ ಕೈಲಾಗದ ಕೆಲಸ. ಆದರೆ ಆ ಎರಡು ಮಾತು ಓದುವಾಗ ನಿರೂಪಕಿಯ ತುಟಿಗೂ ಮಾತಿಗೂ ಹೊಂದಾಣಿಕೆ ಇರುವಂತೆ ದಯವಿಟ್ಟು ನೋಡಿಕೊಳ್ಳಿ. ಇಲ್ಲದಿದ್ದರೆ ನಮ್ಮ ಜನ ಅದನ್ನೂ ಬೇರೆ ಯಾರೋ ಹೇಳಿದ್ದೆಂದು ತಿಳಿದಾರು.

ಇಂತಿ,
ಹೆಂಡತಿಯ ಕೈ ಹೆಂಡತಿಯದೇ ಎಂದು ಊರಿಗೆಲ್ಲ ಸಾಕ್ಷಿ ಹೇಳುತ್ತ ತಿರುಗುವ ಪಾಡಿಗೆ ಬಂದ
ಬಾಳಕೃಷ್ಣ
ಪುಣೆ, ೧೯೯೮